ಸದಾ ಎಚ್ಚರವಿರುವ ಬಾಸ್

ಕೆಲವು ವರ್ಷಗಳಿಂದ ನನ್ನ ಬಳಿ ಒಂದೇ ಅಚ್ಚಿನ ಜನ ಬರುತ್ತಿದ್ದಾರೆ. ವಯಸ್ಸು ನಲವತ್ತೈದರ ಆಚೀಚೆ, ಕೈಕೆಳಗೆ ನಾಲ್ಕೈದು ದೇಶಗಳ ಸಿಬ್ಬಂದಿ. ಎದೆ ಬಿಗಿಯುತ್ತದೆ ಎಂದು ಹೃದಯತಜ್ಞರ ಬಳಿ ಹೋಗಿ, 'ಹೃದಯಕ್ಕೇನೂ ಆಗಿಲ್ಲ' ಅನ್ನಿಸಿಕೊಂಡು, ಅಲ್ಲಿಂದ ಇಲ್ಲಿಗೆ ಬಂದವರು. ರಾತ್ರಿ ಎರಡೂವರೆಗೆ ಎಚ್ಚರವಾಗುತ್ತದೆ, ಫೋನ್ ನೋಡುತ್ತಾರೆ, ಮತ್ತೆ ನಿದ್ದೆ ಹತ್ತುವುದಿಲ್ಲ. ಇಂಥವರಿಗೆ ನಾನು ಕೊಡುವ ಸಲಹೆಯ ಬಗ್ಗೆ ನನ್ನ ಸಹೋದ್ಯೋಗಿಗಳಲ್ಲೇ ಗೊಣಗಾಟವಿದೆ. 'ನೀವು ಆಪ್ತಸಲಹೆ ಬಿಟ್ಟು ಕಂಪನಿ ನಡೆಸುವುದನ್ನು ಹೇಳಿಕೊಡೋಕೆ ಹೊರಟಿದ್ದೀರಿ' ಎಂದು ಒಬ್ಬರು ಮುಖಕ್ಕೇ ಹೇಳಿದರು. ಅದಕ್ಕೇ ಒಂದು ಪ್ರಕರಣವನ್ನು ಬರೆದಿಡುತ್ತಿದ್ದೇನೆ. ಸಂಬಂಧಪಟ್ಟವರ ಒಪ್ಪಿಗೆ ಇದೆ, ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ.

ಅವರು ಯಂತ್ರದ ಬಿಡಿಭಾಗ ತಯಾರಿಸುವ ಕಂಪನಿಯೊಂದರಲ್ಲಿ ವಿಭಾಗದ ಮುಖ್ಯಸ್ಥರು. ವಿನ್ಯಾಸ ಒಂದು ದೇಶದಲ್ಲಿ, ತಯಾರಿಕೆ ಇನ್ನೊಂದರಲ್ಲಿ, ಜೋಡಣೆ ಮತ್ತೊಂದರಲ್ಲಿ. ಫೋನಿನ ಪರದೆಯ ಮೇಲೆ ಐದು ಗಡಿಯಾರ. ಮೂವತ್ತೆಂಟು ಜನರ ಒಂದು ಗ್ರೂಪು. ಮನೆಯವರ ಬಗ್ಗೆ ಅವರು ಹೇಳಿದ್ದು ಎರಡೇ ಮಾತು, ನಾನೂ ಕೆದಕಲಿಲ್ಲ.

ಅಭ್ಯಾಸ ಶುರುವಾದ ದಿನ ಮಾತ್ರ ಅವರಿಗೆ ಕರಾರುವಾಕ್ಕಾಗಿ ನೆನಪಿತ್ತು. 2021ರ ಮಾರ್ಚ್ 23. ಸೂಯೆಜ್ ಕಾಲುವೆಯಲ್ಲಿ 400 ಮೀಟರ್ ಉದ್ದದ ಎವರ್ ಗಿವನ್ ಹಡಗು ಅಡ್ಡಡ್ಡ ಸಿಕ್ಕಿಕೊಂಡ ದಿನ. ಜಗತ್ತಿನ ವ್ಯಾಪಾರದಲ್ಲಿ ಸುಮಾರು ಶೇ. 12ರಷ್ಟು ಸಾಗುವ ದಾರಿ ಆರು ದಿನ ಮುಚ್ಚಿಹೋಯಿತು. ಎರಡೂ ತುದಿಗಳಲ್ಲಿ ಸಾಲುಗಟ್ಟಿದ ಹಡಗುಗಳಲ್ಲೊಂದರಲ್ಲಿ ಇವರ ಸರಕೂ ಇತ್ತು. ಆ ಆರು ರಾತ್ರಿ ಅವರು ಸರಿಯಾಗಿ ಮಲಗಲಿಲ್ಲ. ಹಡಗು ಬಿಡುಗಡೆಯಾಯಿತು, ಎಚ್ಚರ ಮಾತ್ರ ಹಾಗೇ ಉಳಿಯಿತು. 'ನೀವು ಎದ್ದಿದ್ದರಿಂದ ಹಡಗು ಅಲುಗಾಡಿತಾ?' ಎಂದು ನಾನು ಕೇಳಿದೆ. ಕೇಳಬಾರದಿತ್ತು. ಮುಖ ಗಂಟಿಕ್ಕಿ, 'ಮೇಡಂ, ಬದಲಿ ಸರಕು ವಿಮಾನದಲ್ಲಿ ತರಿಸಿದ್ದು ಯಾರು?' ಎಂದರು. ಆ ಆರು ದಿನ ಅವರು ಎದ್ದಿದ್ದು ನಿಜಕ್ಕೂ ಉಪಯೋಗಕ್ಕೆ ಬಂದಿತ್ತು. ಒಮ್ಮೆ ಫಲ ಕೊಟ್ಟ ಎಚ್ಚರವನ್ನು ಬಿಡಿಸುವುದು, ಫಲ ಕೊಡದ ಎಚ್ಚರವನ್ನು ಬಿಡಿಸುವುದಕ್ಕಿಂತ ಕಷ್ಟ.

ಮೊದಲೆರಡು ಭೇಟಿ ಹೀಗೇ ಕಳೆದವು. ಅವರಿಗೆ ನೋವು ಇದ್ದದ್ದು ಬೇರೆ ಕಡೆ. ತಪ್ಪು ಅಳತೆಯ ಒಂದು ಲಾಟು ಹೊರಟುಹೋಗಿ ಇಡೀ ಲಾಟು ವಾಪಸ್ ಬಂದಿತ್ತು. ಯೋಜನಾ ವಿಭಾಗದಲ್ಲಿ ಒಬ್ಬರಿಗೆ ಅದು ಎರಡು ವಾರ ಮೊದಲೇ ಗೊತ್ತಿತ್ತೆಂದು ಆಮೇಲೆ ತಿಳಿಯಿತು. 'ವಾರವಾರವೂ ಕಾಲ್‌ನಲ್ಲಿ ಕೇಳ್ತೀನಿ ಮೇಡಂ, ಏನಾದ್ರೂ ತೊಂದರೆ ಇದೆಯಾ ಅಂತ. ಮೂವತ್ತೆಂಟು ಜನಾನೂ ಇಲ್ಲ ಅಂತಾರೆ. ನಾನೇನು ಹುಲಿಯಾ?' ಅವರು ಹುಲಿಯಲ್ಲ. ಕೂಗಾಡುವ ಮನುಷ್ಯನೂ ಅಲ್ಲ. ಯಾರು ಎಷ್ಟು ಹೊತ್ತಿಗೆ ಕೇಳಿದರೂ ತಕ್ಷಣ ಉತ್ತರ ಕೊಡುವುದೇ ಒಳ್ಳೆಯ ಮುಖ್ಯಸ್ಥನ ಲಕ್ಷಣ ಎಂದು ನಂಬಿದವರು. ದೂರದ ಕಚೇರಿಯ ಸಹೋದ್ಯೋಗಿಯೊಬ್ಬರು, 'ನಿಮ್ಮ ಹತ್ತಿರ ಒಂದು ಅನುಕೂಲ, ನೀವು ಏಳೋದನ್ನ ಕಾಯಬೇಕಾಗಿಲ್ಲ' ಎಂದಿದ್ದನ್ನು ಹೆಮ್ಮೆಯಿಂದಲೇ ನನಗೆ ಹೇಳಿದ್ದರು.

ಮೂರನೇ ಭೇಟಿಯಲ್ಲಿ ಒಂದು ನಿಯಮ ಮುರಿದೆ. ಸಾಮಾನ್ಯವಾಗಿ ಬಂದವರ ಫೋನ್ ಆಫ್ ಮಾಡಿಸುತ್ತೇನೆ. ಅವತ್ತು, 'ಫೋನ್ ಮೇಜಿನ ಮೇಲಿರಲಿ, ಗ್ರೂಪು ತೆರೆದೇ ಇರಲಿ. ನಿಮ್ಮ ಅಭ್ಯಾಸದಂತೆ ಉತ್ತರ ಕೊಡಿ' ಎಂದೆ. ಗ್ರೂಪಿನಲ್ಲಿ ಇನ್ನೊಬ್ಬರ ಗುಟ್ಟೇನೂ ಇಲ್ಲ ಎಂದು ಮೊದಲೇ ಕೇಳಿಕೊಂಡಿದ್ದೆ. ಆದರೂ ಇದು ಸರಿಯೇ ಎಂದು ಕೇಳುವವರಿದ್ದಾರೆ. ಕುಡಿತ ಬಿಡಿಸಲು ಬಂದವರ ಮುಂದೆ ಬಾಟಲಿ ಇಟ್ಟ ಹಾಗಲ್ಲವೇ ಎಂದರು ಒಬ್ಬರು. ಹೋಲಿಕೆ ಸರಿಯಲ್ಲ. ಮನುಷ್ಯ ತನ್ನ ಕೆಲಸವನ್ನು ಮಾಡುವ ಬಗೆ ಹೇಗೆಂದು ಅವನ ಬಾಯಿಂದ ಕೇಳಿ ತಿಳಿಯುವುದಕ್ಕಿಂತ ಹತ್ತು ನಿಮಿಷ ನೋಡುವುದು ಮೇಲು.

ಹನ್ನೆರಡು ನಿಮಿಷಕ್ಕೆ ಫೋನ್ ಗುಂಯ್ ಎಂದಿತು. ಮೇಜಿನ ಗಾಜಿನ ಮೇಲೆ ಒಂದಿಂಚು ಸರಿಯಿತು. ಯಾವುದೋ ಸರಕನ್ನು ಈ ವಾರ ಕಳಿಸುವುದೋ ಮುಂದಿನ ವಾರವೋ ಎಂಬ ಪ್ರಶ್ನೆ. ಅವರು ಮಾತಿನ ನಡುವೆಯೇ ಎತ್ತಿ, ಹೆಬ್ಬೆರಳಲ್ಲಿ ಮೂರು ಪದ ಒತ್ತಿ, ಮತ್ತೆ ಮೇಜಿನ ಮೇಲಿಟ್ಟರು. ಅರ್ಧ ನಿಮಿಷವೂ ಆಗಿರಲಿಲ್ಲ. ಬಿಟ್ಟ ವಾಕ್ಯವನ್ನು ಅಲ್ಲಿಂದಲೇ ಮುಂದುವರಿಸಿದರು. ನನ್ನ ಕಣ್ಣು ಫೋನಿನ ಮೇಲೆಯೇ ಇತ್ತು. ಪರದೆಯ ಮೇಲ್ಗಡೆ ಒಂದು ಹೆಸರು, ಅದರ ಮುಂದೆ 'ಬರೆಯುತ್ತಿದ್ದಾರೆ'. ಹೋಯಿತು. ಮತ್ತೆ ಬಂತು. ಹೋಯಿತು. ಮೂರನೇ ಸಲ ತುಸು ಹೆಚ್ಚು ಹೊತ್ತು ನಿಂತು, ಹೋಯಿತು. ಮೆಸೇಜು ಬರಲೇ ಇಲ್ಲ.

'ಯಾರು ಅದು?' ಎಂದೆ.

'ಯಾವುದು?'

'ಏನೋ ಬರೀತಿದ್ದರಲ್ಲ.'

ನೋಡಿದರು. 'ಯಾರೂ ಏನೂ ಬರೆದಿಲ್ಲವಲ್ಲ.'

ನಾನು ಕಂಡ ಹೆಸರು ಹೇಳಿದೆ. ಯೋಜನಾ ವಿಭಾಗದ ಹುಡುಗಿ, ಇಲ್ಲಿಗಿಂತ ಎಂಟು ಗಂಟೆ ಹಿಂದಿನ ಊರು, ಅಲ್ಲೀಗ ಇನ್ನೂ ಬೆಳಗಿನ ಜಾವ ಎಂದರು. ಆಮೇಲೆ ಬಹಳ ಹೊತ್ತು ಮಾತಾಡಲಿಲ್ಲ. ಫೋನನ್ನು ಮೇಲಕ್ಕೆ ಸರಿಸುತ್ತಾ, ಹಳೆಯ ಮೆಸೇಜುಗಳನ್ನು ಹಿಂದಕ್ಕೆ ಹಿಂದಕ್ಕೆ ನೋಡುತ್ತಾ ಹೋದರು. ಪ್ರಶ್ನೆ, ಅವರ ಉತ್ತರ, ನಾಲ್ಕೈದು ಹೆಬ್ಬೆರಳಿನ ಚಿಹ್ನೆ. ಪ್ರಶ್ನೆ, ಅವರ ಉತ್ತರ, ಹೆಬ್ಬೆರಳು. ಅವರ ಉತ್ತರದ ನಂತರ ಬೇರೆ ಮಾತು ಬಂದದ್ದು ತಿಂಗಳಲ್ಲಿ ಎರಡೋ ಮೂರೋ ಕಡೆ. ಕೊನೆಗೆ, 'ಆ ಲಾಟಿನ ದಿನವೂ ಹೀಗೇ ಆಗಿರಬೇಕು' ಎಂದರು. 'ಅವಳು ಬರೆಯೋಕೆ ಹೋಗಿರಬೇಕು. ನಾನು ಅಷ್ಟರಲ್ಲಿ ಮುಗಿಸಿಬಿಟ್ಟಿರಬೇಕು.'

ನಾನು ಅವರಿಗೆ ಸ್ಪೇನಿನ ಟೆನೆರಿಫ್ ದ್ವೀಪದ ಕಥೆ ಹೇಳಿದೆ. 1977ರ ಮಾರ್ಚ್ 27ರಂದು ಆ ದ್ವೀಪದ ವಿಮಾನ ನಿಲ್ದಾಣದ ರನ್‌ವೇ ಮೇಲೆ, ಮಂಜಿನಲ್ಲಿ, ಎರಡು ಬೋಯಿಂಗ್ 747 ಡಿಕ್ಕಿ ಹೊಡೆದು 583 ಜನ ಸತ್ತರು. ಮೇಲೇಳಲು ಹೊರಟಿದ್ದ ವಿಮಾನದ ಫ್ಲೈಟ್ ಎಂಜಿನಿಯರ್‌ಗೆ, ಇನ್ನೊಂದು ವಿಮಾನ ಇನ್ನೂ ರನ್‌ವೇ ಬಿಟ್ಟಿಲ್ಲವೇನೋ ಎಂಬ ಅನುಮಾನ ಬಂದು ಕೇಳಿಯೂ ಕೇಳಿದ್ದ. ಹಿರಿಯ ಕ್ಯಾಪ್ಟನ್ ಬಿಟ್ಟಾಗಿದೆ ಎಂದು ಒತ್ತಿ ಹೇಳಿದ. ಮತ್ತೆ ಯಾರೂ ಮಾತೆತ್ತಲಿಲ್ಲ. ಇಂಥ ದುರಂತಗಳ ನಂತರವೇ ಪೈಲಟ್‌ಗಳ ತರಬೇತಿಯಲ್ಲಿ, ಕಿರಿಯರು ಮಾತಾಡುವುದು ಹೇಗೆ, ಹಿರಿಯರು ಕೇಳಿಸಿಕೊಳ್ಳುವುದು ಹೇಗೆ ಎಂಬ ಪಾಠ ಸೇರಿದ್ದು. ಕಾಕ್‌ಪಿಟ್ಟಿನಲ್ಲಿ ಮೂರು ಜನ ಭುಜಕ್ಕೆ ಭುಜ ತಾಗಿಸಿ ಕೂತಿದ್ದರು, ಮುಖ ಕಾಣುತ್ತಿತ್ತು, ದನಿಯ ನಡುಕ ಕೇಳುತ್ತಿತ್ತು. ನಿಮ್ಮ ಗ್ರೂಪಿನಲ್ಲಿ ಅದೂ ಇಲ್ಲ ಎಂದೆ.

ಕೊಟ್ಟ ಸಲಹೆ ಇಷ್ಟು. ಜೀವಕ್ಕೋ ಯಂತ್ರಕ್ಕೋ ಅಪಾಯವಿಲ್ಲದ ಯಾವ ಪ್ರಶ್ನೆಗೂ ಅವರು ಮೊದಲ ಉತ್ತರ ಕೊಡಬಾರದು. ಕನಿಷ್ಠ ಮೂರು ಜನ ಮಾತಾಡುವ ತನಕ, ಅಥವಾ ಎಲ್ಲ ಕಚೇರಿಗಳೂ ಒಮ್ಮೆ ಬಾಗಿಲು ತೆರೆಯುವ ತನಕ, ಗ್ರೂಪಿನಲ್ಲಿ ಸುಮ್ಮನಿರಬೇಕು. ವಾರದ ಕಾಲ್‌ನಲ್ಲಿ 'ತೊಂದರೆ ಇದೆಯಾ' ಎಂದು ಕೇಳುವುದನ್ನು ನಿಲ್ಲಿಸಬೇಕು. ಅದು ಪ್ರಶ್ನೆಯಲ್ಲ, 'ಇಲ್ಲ' ಎಂಬ ಉತ್ತರಕ್ಕೆ ಹಾಸಿದ ಚಾಪೆ. ಬದಲಿಗೆ, 'ಈ ಕೆಲಸ ಕೆಟ್ಟರೆ ಎಲ್ಲಿ ಕೆಡುತ್ತದೆ?' ಎಂದು ಹಿಂದಿನ ದಿನವೇ ಬರೆದು ಕಳಿಸಿ, ಎಲ್ಲರಿಗಿಂತ ಕಿರಿಯರ ಉತ್ತರದಿಂದ ಶುರುಮಾಡಬೇಕು. ಸೈನಿಕ ನ್ಯಾಯಾಲಯಗಳಲ್ಲಿ ಕಿರಿಯ ಅಧಿಕಾರಿಯ ಅಭಿಪ್ರಾಯ ಮೊದಲು ಕೇಳುವ ಪದ್ಧತಿ ಬಹಳ ಹಳೆಯದು, ನನ್ನ ಸ್ವಂತ ಬುದ್ಧಿಯೇನಲ್ಲ. ರಾತ್ರಿ ಫೋನ್ ಬೇರೆ ಕೋಣೆಯಲ್ಲಿರಬೇಕು. ನಿಜಕ್ಕೂ ಎಬ್ಬಿಸಬೇಕಾದ ಸಂಗತಿ ಯಾವುದು ಎಂಬ ಪಟ್ಟಿಯನ್ನು ಅವರಲ್ಲ, ಅವರ ತಂಡ ಬರೆಯಬೇಕು. ಅಂಥದ್ದಾದರೆ ಮೆಸೇಜಲ್ಲ, ಕರೆ.

ಧ್ಯಾನ, ಉಸಿರಾಟ, ಮಲಗುವ ಮುನ್ನ ಬಿಸಿನೀರಿನ ಸ್ನಾನ, ಇವನ್ನೇಕೆ ಹೇಳಲಿಲ್ಲ ಎಂಬುದೇ ಸಹೋದ್ಯೋಗಿಗಳ ತಕರಾರು. ವಾರಕ್ಕೆ 55 ಗಂಟೆ ಅಥವಾ ಅದಕ್ಕಿಂತ ಹೆಚ್ಚು ದುಡಿಯುವವರಲ್ಲಿ, 35ರಿಂದ 40 ಗಂಟೆ ದುಡಿಯುವವರಿಗಿಂತ, ಪಾರ್ಶ್ವವಾಯುವಿನ ಅಪಾಯ ಶೇ. 35ರಷ್ಟು ಹೆಚ್ಚು ಎಂದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2021ರಲ್ಲಿ ಜಂಟಿಯಾಗಿ ಹೇಳಿವೆ. ಇವರ ದೇಹದ ಬಗ್ಗೆ ನನಗೂ ಹೆದರಿಕೆ ಇತ್ತು. ಆದರೆ ಅದೇ ಆರೋಗ್ಯ ಸಂಸ್ಥೆ 2019ರಲ್ಲಿ ಕೆಲಸದ ಬಳಲಿಕೆಯನ್ನು ವರ್ಗೀಕರಿಸುವಾಗ ಅದನ್ನು ಕಾಯಿಲೆ ಎನ್ನದೆ, ಉದ್ಯೋಗಕ್ಕೆ ಅಂಟಿದ ವಿದ್ಯಮಾನ ಎಂದಿತು. ಕೆಲಸದ ಬಗೆ ಬದಲಾಗದೆ ಉಸಿರಾಟ ಹೇಳಿಕೊಟ್ಟರೆ, ಎರಡೂವರೆಗೆ ಏಳುವವರು ಇನ್ನಷ್ಟು ಶಾಂತವಾಗಿ ಎದ್ದು ಅದೇ ಫೋನ್ ನೋಡುತ್ತಾರೆ, ಅಷ್ಟೆ.

ಕಾನೂನಿನ ಮಾತೂ ಬಂತು. ಕಚೇರಿ ಸಮಯದ ಆಚೆ ಸಂಪರ್ಕ ಕಡಿದುಕೊಳ್ಳುವ ಹಕ್ಕು ಫ್ರಾನ್ಸಿನಲ್ಲಿ 2017ರ ಜನವರಿಯಲ್ಲಿ ಜಾರಿಗೆ ಬಂತು, ಆಸ್ಟ್ರೇಲಿಯಾದಲ್ಲಿ 2024ರ ಆಗಸ್ಟ್‌ನಲ್ಲಿ. 'ಅದು ನೌಕರರಿಗೆ ಮೇಡಂ, ಬಾಸ್‌ಗೆ ಯಾವ ಕಾನೂನು?' ಎಂದರು. ಮಾತು ಸರಿಯೇ. ಒಂದೇ ಸೂರಿನಡಿ ಎಲ್ಲರೂ ಇದ್ದ ಕಾಲದಲ್ಲಿ ಮುಖ್ಯಸ್ಥ ಮನೆಗೆ ಹೋದರೆ ಕೆಲಸವೂ ಬಾಗಿಲು ಹಾಕುತ್ತಿತ್ತು. ಈಗ ಎಲ್ಲೋ ಒಂದು ಕಡೆ ಸದಾ ಹಗಲು. ಬಾಗಿಲನ್ನು ತಾನೇ ಹಾಕಿಕೊಳ್ಳಬೇಕು.

ಆರು ವಾರದ ನಂತರ ಬಂದವರು ಕುರ್ಚಿಯಲ್ಲಿ ಕೂರುವ ಮೊದಲೇ ದೂರು ಶುರುಮಾಡಿದರು. ಗ್ರೂಪಿನಲ್ಲಿ ಜಗಳ. ಎರಡು ಕಚೇರಿಯವರು ಎಲ್ಲರೆದುರು ಕಿತ್ತಾಡಿದ್ದಾರೆ. ಒಂದು ತೀರ್ಮಾನ ಎರಡು ದಿನ ತಡವಾಗಿ ಗಿರಾಕಿ ಕೋಪಗೊಂಡಿದ್ದಾನೆ. ತೊಂದರೆಗಳ ಪಟ್ಟಿ ಮೂರುಪಟ್ಟಾಗಿದೆ. 1990ರ ದಶಕದಲ್ಲಿ ಆಮಿ ಎಡ್ಮಂಡ್‌ಸನ್ ಎಂಬ ಅಮೆರಿಕದ ಸಂಶೋಧಕಿ ಆಸ್ಪತ್ರೆಗಳಲ್ಲಿ ಔಷಧ ಕೊಡುವಾಗಿನ ತಪ್ಪುಗಳನ್ನು ಲೆಕ್ಕ ಹಾಕಿದಾಗ, ಒಳ್ಳೆಯ ತಂಡಗಳಲ್ಲೇ ಹೆಚ್ಚು ತಪ್ಪು ಕಂಡು ಬೆಚ್ಚಿದ್ದರು. ಅಲ್ಲಿ ತಪ್ಪುಗಳು ಹೆಚ್ಚಿರಲಿಲ್ಲ, ಮುಚ್ಚಿಡುವುದು ಕಡಿಮೆ ಇತ್ತು. ಅದನ್ನು ಹೇಳಿದೆ. ಅವರಿಗೆ ಸಮಾಧಾನವಾಗಲಿಲ್ಲ. ಕೋಪಗೊಂಡದ್ದು ಅವರ ಗಿರಾಕಿ, ನನ್ನವನಲ್ಲ. ಆ ಎರಡು ದಿನದ ನಷ್ಟದಲ್ಲಿ ನನ್ನ ಪಾಲೂ ಇದೆ. ಯಾವ ಪ್ರಶ್ನೆ ಕಾಯಬಹುದು, ಯಾವುದು ಕಾಯಲಾರದು ಎಂಬ ಗೆರೆಯನ್ನು ನಾನು ಇನ್ನೂ ಸ್ಪಷ್ಟವಾಗಿ ಎಳೆಸಬೇಕಿತ್ತು.

ನನ್ನದು ಇನ್ನೊಂದು ತಪ್ಪೂ ಅವತ್ತೇ ಗೊತ್ತಾಯಿತು. ಅವರು ಆ ಹುಡುಗಿಯೊಂದಿಗೆ ಮಾತಾಡಿದ್ದರು. ಅವಳು ಹೆದರಿ ಸುಮ್ಮನಾಗುತ್ತಿದ್ದಾಳೆಂದು ನಾನು ತೀರ್ಮಾನಿಸಿ, ವಿಮಾನದ ಕಥೆಯೆಲ್ಲ ಹೇಳಿಬಿಟ್ಟಿದ್ದೆನಲ್ಲ. ಅವಳು ಹೇಳಿದ್ದೇ ಬೇರೆ. ಅವಳಿಗೆ ಇಂಗ್ಲಿಷ್ ಶಾಲೆಯಲ್ಲಿ ಕಲಿತದ್ದಷ್ಟೆ. ಮೊದಲು ತನ್ನ ಭಾಷೆಯಲ್ಲಿ ಬರೆದುಕೊಂಡು, ಅದನ್ನು ಇಂಗ್ಲಿಷಿಗೆ ತಿರುಗಿಸಿ, ಒರಟಾಯಿತೇನೋ ಎಂದು ಇನ್ನೊಮ್ಮೆ ಓದಿ, ತಿದ್ದುವಷ್ಟರಲ್ಲಿ ಇವರ ಉತ್ತರ ಬಂದಿರುತ್ತಿತ್ತು. ಆಮೇಲೆ ಕಳಿಸಿದರೆ ಎದುರುತ್ತರ ಕೊಟ್ಟಂತೆ ಕಾಣುತ್ತದೆಂದು ಅಳಿಸಿಬಿಡುತ್ತಿದ್ದಳು. ನನ್ನ ಸಲಹೆ ಅವಳಿಗೂ ಅನುಕೂಲವಾಗಿದ್ದು ನನ್ನ ಅದೃಷ್ಟ. ಹೆದರಿಕೆ ಎಂದೇ ಹಿಡಿದು ಧೈರ್ಯ ತುಂಬುವ ತರಬೇತಿಗೆ ಅವಳನ್ನು ಕಳಿಸಿ ಎಂದಿದ್ದರೆ?

ಅವರ ನಿದ್ದೆ ಪೂರ್ತಿ ಸರಿಹೋಗಿಲ್ಲ. ವಾರದಲ್ಲಿ ನಾಲ್ಕು ರಾತ್ರಿ ಪರವಾಗಿಲ್ಲ, ಉಳಿದ ಮೂರು ರಾತ್ರಿ ಎದ್ದು ಫೋನ್ ಇಲ್ಲದ ಕೋಣೆಯಲ್ಲಿ ಸೂರು ನೋಡುತ್ತಾರಂತೆ.

ಈಚಿನ ಭೇಟಿಯಲ್ಲಿ ಅವರೇ ಫೋನ್ ತೆಗೆದು ಮೇಜಿನ ಮೇಲಿಟ್ಟರು. ಗಾಜಿನ ಮೇಲೆ ಅದು ಗುಂಯ್ ಎಂದಾಗ ಇಬ್ಬರೂ ನೋಡಿದೆವು. ಯಾರೋ ಏನೋ ಕೇಳಿದ್ದರು. ಇವರ ಕೈ ಮುಂದೆ ಬಂದು, ನಿಂತು, ತೊಡೆಯ ಮೇಲೆ ಹೋಯಿತು. ಮೇಲ್ಗಡೆ ಅದೇ ಹೆಸರು, 'ಬರೆಯುತ್ತಿದ್ದಾರೆ'. ಎರಡು ನಿಮಿಷವಾದರೂ ಆಗಿರಬೇಕು. ಉದ್ದನೆಯ ಮೆಸೇಜು ಬಂತು. ಓದುತ್ತಾ ಹೋದಂತೆ ಅವರ ಕಿವಿ ಕೆಂಪಾಯಿತು.

'ನೋಡಿ ಮೇಡಂ, ನಾನು ಹೋದ ತಿಂಗಳು ಹಾಕಿಕೊಟ್ಟ ಲೆಕ್ಕವೇ ತಪ್ಪು ಅಂತ ಮೂವತ್ತೆಂಟು ಜನರ ಎದುರು ಬರೆದಿದ್ದಾಳೆ!'

'ಲೆಕ್ಕ ತಪ್ಪಾ?' ಎಂದೆ.

ಮತ್ತೊಮ್ಮೆ ಓದಿದರು. 'ಲೆಕ್ಕ ತಪ್ಪೇ' ಎಂದರು. 'ಆದ್ರೂ...'