ಮಿಶ್ರತಳಿ ನಾಯಿಗೆ ವಂಶದ ಕಾಯಿಲೆ ಬರುವುದಿಲ್ಲವೇ?

ಪ್ರಶ್ನೆ: ನಮ್ಮ ನಾಯಿಗೆ ಹತ್ತು ತಿಂಗಳು. ತಾಯಿ ಲ್ಯಾಬ್ರಡಾರ್, ತಂದೆ ಜರ್ಮನ್ ಶೆಫರ್ಡ್. ಈಚೆಗೆ ಮೆಟ್ಟಿಲು ಹತ್ತಲು ಹಿಂಜರಿಯುತ್ತದೆ. ಓಡುವಾಗ ಹಿಂಗಾಲೆರಡನ್ನೂ ಜೋಡಿಸಿ ಮೊಲದಂತೆ ಕುಪ್ಪಳಿಸುತ್ತದೆ. ಮಿಶ್ರತಳಿಗೆ ವಂಶಪಾರಂಪರ್ಯ ಕಾಯಿಲೆ ಬರುವುದಿಲ್ಲವೆಂದು ಮರಿ ಕೊಟ್ಟವರು ಹೇಳಿದ್ದರು. ಇದೇನಿರಬಹುದು?
– ಓದುಗರೊಬ್ಬರು, ಮೈಸೂರು

ಉತ್ತರ: ನೀವು ಬರೆದಿರುವ ಲಕ್ಷಣಗಳು ಸೊಂಟದ ಕೀಲಿನ ದೋಷವನ್ನು, ಅಂದರೆ ಹಿಪ್ ಡಿಸ್‌ಪ್ಲೇಸಿಯಾವನ್ನು, ಸೂಚಿಸುತ್ತವೆ, ಎಕ್ಸ್‌-ರೇ ತೆಗೆಸಿದರೆ ಖಚಿತವಾಗುತ್ತದೆ. ತೊಡೆಮೂಳೆಯ ದುಂಡು ತಲೆ ಸೊಂಟದ ಗುಳಿಯಲ್ಲಿ, ಒರಳಿನಲ್ಲಿ ಗುಂಡು ಕೂತಂತೆ, ಸರಿಯಾಗಿ ಕೂತಿರಬೇಕು. ಗುಳಿ ಆಳವಿಲ್ಲದೆ ಕೀಲು ಸಡಿಲವಾದಾಗ ಆ ಗುಂಡು ಹೆಜ್ಜೆಹೆಜ್ಜೆಗೂ ಅಂಚಿಗೆ ಜಾರಿ, ಮೃದ್ವಸ್ಥಿ ಸವೆದು, ಕ್ರಮೇಣ ಸಂಧಿವಾತ ಹತ್ತುತ್ತದೆ.

ಮರಿ ಕೊಟ್ಟವರು ಹೇಳಿದ್ದು ಅರ್ಧಸತ್ಯ, ಅದನ್ನು ನಂಬಿದ ಕುಟುಂಬಗಳು ತಡವಾಗಿ ಬರುವುದನ್ನು ಕಂಡಾಗಲೆಲ್ಲ ನನಗೆ ಸಂಕಟವಾಗುತ್ತದೆ. ತಂದೆ, ತಾಯಿ ಇಬ್ಬರಿಂದಲೂ ದೋಷದ ಜೀನ್ ಬಂದರಷ್ಟೇ ಕಾಣಿಸುವ ಕಾಯಿಲೆಗಳು ಬಹಳಷ್ಟಿವೆ. ಎರಡು ತಳಿಗಳ ದೋಷಗಳು ಬೇರೆಬೇರೆಯಾಗಿದ್ದರೆ ಬೆರಕೆಯಿಂದ ಅವು ಮರೆಯಾಗುತ್ತವೆ. ಆದರೆ ಸೊಂಟದ ದೋಷಕ್ಕೆ ಅನೇಕ ಜೀನ್‌ಗಳು ಸೇರಿ ಕಾರಣವಾಗುತ್ತವೆ, ಮತ್ತು ಅದು ನಿಮ್ಮ ನಾಯಿಯ ಎರಡೂ ತಳಿಗಳಲ್ಲಿ ಹೆಸರುವಾಸಿ. ಎರಡೂ ಮನೆಯಲ್ಲಿರುವ ದೋಷ ಸಂಬಂಧ ಬೆಳೆಸಿದ ಮಾತ್ರಕ್ಕೆ ತೊಲಗುವುದೆಂತು? ಲ್ಯಾಬ್ರಡಾರ್–ಪೂಡಲ್ ಬೆರಕೆಯ ಲ್ಯಾಬ್ರಡೂಡಲ್‌ಗಳಿಗೂ, ಕಣ್ಣಿನ ಅಕ್ಷಿಪಟಲ ಸವೆಯುವ ಕಾಯಿಲೆಯೊಂದು ಹೀಗೇ ಇಬ್ಬದಿಯಿಂದ ಬರಬಹುದು. ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಪರಿಶೀಲಿಸಿದ 24 ಆನುವಂಶಿಕ ಕಾಯಿಲೆಗಳ ಪೈಕಿ 10 ಶುದ್ಧ ತಳಿಗಳಲ್ಲಿ ಹೆಚ್ಚಿದ್ದವು. 13ರಲ್ಲಿ ವ್ಯತ್ಯಾಸವೇ ಕಾಣಲಿಲ್ಲ, ಸೊಂಟದ ದೋಷವೂ ಅವುಗಳಲ್ಲೊಂದು. ಮಂಡಿಯ ಮೂಳೆಗಳನ್ನು ಬಿಗಿದಿಡುವ ಕಟ್ಟು (ಲಿಗಮೆಂಟ್) ಹರಿಯುವುದಂತೂ ಮಿಶ್ರತಳಿಗಳಲ್ಲೇ ಹೆಚ್ಚಿತ್ತು.

ಈಗ ನಿಮ್ಮ ಕೈಯಲ್ಲಿರುವ ದೊಡ್ಡ ಔಷಧ ತೂಕದ ಹಿಡಿತ. ಪಕ್ಕೆಲುಬು ಕಣ್ಣಿಗೆ ಎದ್ದು ಕಾಣದೆ, ಬೆರಳಾಡಿಸಿದರೆ ಸಲೀಸಾಗಿ ಸಿಗುವಂತಿರಲಿ. ಟೈಲ್ಸ್ ನೆಲದ ಮೇಲೆ ಅದು ಓಡಾಡುವ ದಾರಿಗೆ ಜಾರದ ಚಾಪೆ ಹಾಸಿ; ಎದ್ದೇಳುವಾಗ ಹಿಂಗಾಲು ಜಾರುವುದೇ ಅದಕ್ಕೆ ದೊಡ್ಡ ಯಾತನೆ. ಬೆಳೆಯುವ ದೊಡ್ಡ ನಾಯಿಗೆ ಹೆಚ್ಚುವರಿ ಕ್ಯಾಲ್ಸಿಯಂ ಮೂಳೆಗೆ ಹಾನಿ ಮಾಡುವುದರಿಂದ ವೈದ್ಯರು ಹೇಳದೆ ಕೊಡಬೇಡಿ. ಮನುಷ್ಯರ ನೋವಿನ ಮಾತ್ರೆ ಕೂಡದು, ಐಬುಪ್ರೊಫೆನ್ ನಾಯಿಗೆ ವಿಷ. ದೋಷ ಖಚಿತವಾದರೆ ಅದರಿಂದ ಮರಿ ಮಾಡಿಸದಿರಿ. ಎಕ್ಸ್‌-ರೇ ವರದಿಯನ್ನು ಮರಿ ಕೊಟ್ಟವರಿಗೂ ತೋರಿಸಿ, ಅದೇ ಜೋಡಿಯನ್ನು ಮತ್ತೆ ಕೂಡಿಸಬಾರದೆಂದು, ಇದರ ಒಡಹುಟ್ಟಿದವುಗಳನ್ನು ಸಾಕಿದವರಿಗೂ ಸುದ್ದಿ ಮುಟ್ಟಿಸಬೇಕೆಂದು ಕೇಳಿಕೊಳ್ಳಿ.