ಪೋಸ್ಟ್‌ಡಾಕ್‌ಗೆ ಮೊದಲು ಬೇಕಾದದ್ದು ಪ್ರಶ್ನೆ

ದಾವಣಗೆರೆಯ ಓದುಗರೊಬ್ಬರ ಪತ್ರ ಬಂದಿದೆ. ಕೀಟನಾಶಕ ತಾಗಿದ ಜೀಬ್ರಾಫಿಶ್ ಅನ್ನೋ ಪುಟ್ಟ ಮೀನಿನ ಮರಿಗಳು ಹೇಗೆ ಈಜುತ್ತವೆ ಅನ್ನೋದು ಅವರ ಪಿಎಚ್‌ಡಿ ವಿಷಯ. ತೀಸಿಸ್ ಇನ್ನೇನು ಮುಗಿಯಲಿದೆ. ಮುಂದೆ ಮಿದುಳಿನ ಬೆಳವಣಿಗೆಯ ಮೇಲೆ ಪೋಸ್ಟ್‌ಡಾಕ್, ಅಂದರೆ ಪಿಎಚ್‌ಡಿ ನಂತರ ಇನ್ನೊಂದು ಲ್ಯಾಬಿನಲ್ಲಿ ಕೆಲವು ವರ್ಷದ ಸಂಶೋಧನೆ, ಮಾಡುವ ಆಸೆ. "ರಾಜ್ಯದ ವಿಶ್ವವಿದ್ಯಾಲಯದಲ್ಲಿ ಓದಿದವಳನ್ನು ಯಾರು ಕೇಳ್ತಾರೆ? ವಿದೇಶಕ್ಕೆ ಹೋಗಲೇಬೇಕಾ? ವಯಸ್ಸು ಬೇರೆ 32 ಆಯ್ತು" ಅಂತ ಕೇಳಿದ್ದಾರೆ.

ಕೇಳ್ತಾರೆ ಮೇಡಂ. ಆದರೆ ನೀವು ಯಾವ ಊರು, ಯಾವ ದೇಶ ಅಂತ ಯೋಚಿಸುತ್ತಿದ್ದೀರಿ. ಅದಕ್ಕಿಂತ ಮೊದಲು ನಿಮ್ಮ ಮುಂದಿನ ಪ್ರಶ್ನೆ ಏನು ಅಂತ ತೀರ್ಮಾನಿಸಿ. ಮರಿಗಳು ಕಡಿಮೆ ಈಜುತ್ತವೆ, ಸರಿ. ಯಾಕೆ? ನರಕೋಶಗಳು ಹುಟ್ಟಿದ್ದೇ ಕಡಿಮೆಯಾ, ಹುಟ್ಟಿ ಸರಿಯಾದ ಜಾಗಕ್ಕೆ ಹೋಗಲಿಲ್ಲವಾ, ಅಥವಾ ಹೋದರೂ ಪಕ್ಕದ ಕೋಶಗಳ ಜೊತೆ ಸಂಪರ್ಕ ಕೂಡಲಿಲ್ಲವಾ? ಈ ಮೂರರಲ್ಲಿ ಒಂದನ್ನು ಹಿಡಿದರೆ ಅದೇ ನಿಮ್ಮ ಪೋಸ್ಟ್‌ಡಾಕ್. ಜೀಬ್ರಾಫಿಶ್ ಭ್ರೂಣ ಪಾರದರ್ಶಕ, ಒಂದೇ ದಿನದಲ್ಲಿ ಮಿದುಳಿನ ಮುಖ್ಯ ಭಾಗಗಳು ಕಾಣತೊಡಗುತ್ತವೆ. ಇದನ್ನು ಕೈಯಾರೆ ಸಾಕಿ ನೋಡಿದವರು ಎಲ್ಲ ಕಡೆ ಸಿಗುವುದಿಲ್ಲ.

ವಿದೇಶಕ್ಕೆ ಹೋಗಲೇಬೇಕು ಅಂತೇನಿಲ್ಲ. ಬೆಂಗಳೂರಿನಲ್ಲೇ ಎನ್‌ಸಿಬಿಎಸ್, ಇನ್‌ಸ್ಟೆಮ್, ಐಐಎಸ್‌ಸಿ, ಜೆಎನ್‌ಸಿಎಎಸ್‌ಆರ್‌ನಂಥ ಸಂಶೋಧನಾ ಸಂಸ್ಥೆಗಳಿವೆ. ಮುಂಬೈನ ಟಿಐಎಫ್‌ಆರ್ ಸಂಶೋಧನಾ ಸಂಸ್ಥೆಯಲ್ಲಿ ನರವಿಜ್ಞಾನಿ ಶುಭಾ ತೋಳೆ ಅವರ ತಂಡ ಮತ್ತು ಸಹೋದ್ಯೋಗಿಗಳು 2008ರಲ್ಲಿ ಇಲಿ ಭ್ರೂಣದಲ್ಲಿ ಮಾಡಿದ ಕೆಲಸ ಓದಿ. ಎಲ್‌ಎಚ್‌ಎಕ್ಸ್2 ಅನ್ನೋ ಒಂದು ಜೀನ್ ಇಲ್ಲದ ಕೋಶಗಳು ಮಿದುಳಿನ ಹೊರಪದರವಾದ ಕಾರ್ಟೆಕ್ಸ್ ಆಗುವ ಬದಲು, ನೆನಪಿಗೆ ಬೇಕಾದ ಹಿಪ್ಪೊಕ್ಯಾಂಪಸ್ಸನ್ನು ಪಕ್ಕದ ಕೋಶಗಳಿಂದ ಮಾಡಿಸುವ ಸಂಘಟಕ ಕೋಶಗಳಾಗಿಬಿಟ್ಟವು. ಇಂಥ ಪ್ರಯೋಗ ಇಲ್ಲೇ ಆಗುತ್ತೆ ಅಂದಮೇಲೆ ವಿಮಾನ ಹತ್ತುವ ಅವಸರ ಯಾಕೆ?

ಹೋಗುವುದಾದರೆ ಗಡಿಯಾರ ನೋಡಿಕೊಳ್ಳಿ. ಯುರೋಪಿನ ಜೀವವಿಜ್ಞಾನ ಸಂಸ್ಥೆ ಎಂಬೊ ಕೊಡುವ ಪೋಸ್ಟ್‌ಡಾಕ್ ಫೆಲೋಶಿಪ್‌ಗೆ ಅರ್ಜಿ ಹಾಕುವಾಗ ಪಿಎಚ್‌ಡಿ ಪಡೆದು 2 ವರ್ಷ ದಾಟಿರಬಾರದು, ಮೊದಲ ಲೇಖಕರಾಗಿ ಒಂದು ಪ್ರಬಂಧವೂ ಬೇಕು. ಪದವಿ ಕೈಗೆ ಬರುವ ಮೊದಲೇ ಅರ್ಜಿ ಹಾಕಬಹುದು, ಹಾಗಾಗಿ ವೈವಾ ಆಗಲಿ ಅಂತ ಸುಮ್ನೆ ಕೂರಬೇಡಿ. ಅಮೆರಿಕ ಸರ್ಕಾರದ ಎಫ್32 ಪೋಸ್ಟ್‌ಡಾಕ್ ಫೆಲೋಶಿಪ್ ಅಲ್ಲಿನ ನಾಗರಿಕರು ಮತ್ತು ಗ್ರೀನ್ ಕಾರ್ಡ್ ಇರುವವರಿಗೆ ಮಾತ್ರ, ಅದರ ಆಸೆ ಬಿಡಿ. ಆದರೆ ಅಲ್ಲಿ ಜಾಸ್ತಿ ಜನ ಲ್ಯಾಬ್ ಮುಖ್ಯಸ್ಥರ ಅನುದಾನದಿಂದಲೇ ಸಂಬಳ ಪಡೆಯುತ್ತಾರೆ, ಎಷ್ಟೋ ಹುದ್ದೆಗಳಿಗೆ ಜಾಹೀರಾತೇ ಬರುವುದಿಲ್ಲ. ನಮ್ಮಲ್ಲಿನ ರಾಷ್ಟ್ರೀಯ ಪೋಸ್ಟ್‌ಡಾಕ್ ಫೆಲೋಶಿಪ್ 2 ವರ್ಷದ್ದು, ವಯೋಮಿತಿ 35, ಮಹಿಳೆಯರಿಗೆ ಸಡಿಲಿಕೆ ಇದೆ. 32 ಒಂದು ವಯಸ್ಸೇ ಅಲ್ಲ.

ಇನ್ನು ಲ್ಯಾಬ್ ಮುಖ್ಯಸ್ಥರಿಗೆ ಬರೆಯುವ ಮೇಲ್. "ರೆಸ್ಪೆಕ್ಟೆಡ್ ಸರ್, ಐ ಆಮ್ ವೆರಿ ಮಚ್ ಇಂಟರೆಸ್ಟೆಡ್ ಇನ್ ಯುವರ್ ಎಸ್ಟೀಮ್ಡ್ ಲ್ಯಾಬ್" ಅಂತ ಐವತ್ತು ಜನಕ್ಕೆ ಒಂದೇ ಮೇಲ್ ಕಳಿಸಬೇಡಿ, ದಯವಿಟ್ಟು. ಆ 'ಸರ್' ಎಷ್ಟೋ ಸಲ ಮೇಡಂ ಆಗಿರುತ್ತಾರೆ! ಅವರ ಇತ್ತೀಚಿನ ಒಂದು ಪ್ರಬಂಧ ಓದಿ, ಅದರಲ್ಲಿ ಉತ್ತರ ಸಿಗದೆ ಉಳಿದದ್ದು ಏನು, ನಿಮ್ಮ ಮೀನುಗಳಲ್ಲಿ ಅದನ್ನು ಹೇಗೆ ನೋಡುತ್ತೀರಿ ಅಂತ ಹತ್ತು ಸಾಲು ಬರೆಯಿರಿ, ಸಾಕು. ಮಾತುಕತೆ ಮುಂದುವರಿದರೆ, ಆ ಲ್ಯಾಬ್ ಬಿಟ್ಟು ಹೋದ ಒಬ್ಬಿಬ್ಬರಿಗೆ ಫೋನ್ ಮಾಡಿ. ಈಗ ಅಲ್ಲೇ ಇರುವವರು ಪಾಪ, ಪೂರ್ತಿ ಬಾಯಿಬಿಡಲಾರರು. ಪ್ರಾಜೆಕ್ಟನ್ನು ಮುಂದೆ ನಿಮ್ಮ ಸ್ವಂತ ಲ್ಯಾಬಿಗೆ ಒಯ್ಯಲು ಬಿಡುತ್ತಾರಾ, ಸಂಬಳ ಎಷ್ಟು ವರ್ಷಕ್ಕೆ ಖಾತ್ರಿ, ಇವೆರಡನ್ನೂ ಸಂಕೋಚವಿಲ್ಲದೆ ಕೇಳಿ.

ಎರಡು ವಾರ ಉತ್ತರ ಬರದಿದ್ದರೆ ಇನ್ನೊಂದು ಸಲ ಬರೆಯಿರಿ. ಆಗಲೂ ಬರದಿದ್ದರೆ ಪಟ್ಟಿಯ ಮುಂದಿನ ಹೆಸರಿಗೆ ಹೋಗಿ.