ಗುಡುಗು ಮೋಡ ಕಂಡ ಮೇಲೂ ಮೊದಲ ಹನಿ ಬೀಳುವವರೆಗೆ ಮೆಣಸು ಕೊಯ್ಯಬಹುದಾ?

ಕೊಡಗಿನ ಸುಂಟಿಕೊಪ್ಪದ ಕಡೆ ತೋಟ ತಗೊಂಡಿದ್ದೀರಿ, ಹನಿ ಬಿದ್ದ ಮೇಲೆ ಮರದ ಕೆಳಗೆ ಓಡಿದರೆ ಸಾಕಲ್ವಾ ಅಂತ ಕೇಳಿದ್ದೀರಿ. ಇದೇ ಲೆಕ್ಕ ಹಾಕಿ ನಾನು ಬಲಗಿವಿ ಕೆಡಿಸಿಕೊಂಡೆ.

ಏಪ್ರಿಲ್ ತಿಂಗಳು. ಕಾಫಿ ಹೂ ಅರಳಿಸುವ ಹೂಮಳೆ ಆಗಿತ್ತು, ಆ ಹೂ ಕಾಯಿ ಕಟ್ಟಲು ಬೇಕಾದ ಬ್ಯಾಕಿಂಗ್ ಮಳೆಗೆ ಕಾಯುತ್ತಿದ್ದೆವು. ಮಧ್ಯಾಹ್ನ ಬೆಟ್ಟದ ಹಿಂದೆ ಹೂಕೋಸಿನ ಹಾಗೆ ಮೋಡ ಉಬ್ಬಿತು. ಮೂರು ಗಂಟೆಗೆ ಅದರ ತಲೆ ಚಪ್ಪಟೆಯಾಗಿ ಕಮ್ಮಾರನ ಅಡಿಗಲ್ಲಿನಂತೆ ಹರಡಿತು. ಗುಡುಗು ಮೋಡ, ಅಂದರೆ ಕ್ಯುಮುಲೋನಿಂಬಸ್, ಇದೇ. ತುದಿ 12 ಕಿಲೋಮೀಟರ್ ದಾಟುವುದೂ ಉಂಟು. ಒಳಗೆ ಐಸ್ ಹರಳು, ಆಲಿಕಲ್ಲಿನ ಮರಿಗಳು ಒಂದಕ್ಕೊಂದು ತಿಕ್ಕಾಡಿ ವಿದ್ಯುತ್ ಕಟ್ಟುತ್ತದೆ. ನನಗೆ ಆಗ ಇದೆಲ್ಲ ಎಲ್ಲಿ ಬೇಕಿತ್ತು? 50 ಸೆಂಟು (ನೂರು ಸೆಂಟು ಅಂದರೆ ಒಂದು ಇಂಚು ಮಳೆ) ಆದರೂ ಬೀಳಲಿ ಅಂತ ಏಣಿ ಮೇಲೇ ಖುಷಿಪಡುತ್ತಿದ್ದೆ.

ನನ್ನ ತಪ್ಪು ಇಷ್ಟೇ: ಮಳೆಗೆ ಕಾದೆ. ಗುಡುಗು ಕೇಳಿಸಿತ್ತು. ಮಿಂಚಿದ ಮೇಲೆ ಗುಡುಗು ಕೇಳುವವರೆಗೆ ಎಣಿಸಿಯೂ ಇದ್ದೆ, 18 ಸೆಕೆಂಡು. ಶಬ್ದ ಬರುವುದು ಮೂರು ಸೆಕೆಂಡಿಗೆ ಒಂದು ಕಿಲೋಮೀಟರ್, ಅಂದರೆ ಆರು ಕಿಲೋಮೀಟರ್ ದೂರ. ಬರುವಷ್ಟರಲ್ಲಿ ಈ ಒಂದು ಬಳ್ಳಿ ಮುಗಿಯುತ್ತೆ ಅಂದುಕೊಂಡೆ. ಲೆಕ್ಕ ಸರಿಯಾಗೇ ಇತ್ತು. ಆದರೆ ಅದು ಬಿದ್ದಾಗಿರುವ ಸಿಡಿಲಿನ ಲೆಕ್ಕ. ಮುಂದಿನದು ಅಲ್ಲೇ ಬೀಳಬೇಕು ಅಂತ ಎಲ್ಲಿದೆ? ಈ ಮೋಡ 10 ಕಿಲೋಮೀಟರ್ ಆಚೆಗೂ, ಒಂದು ಹನಿ ಇಲ್ಲದ ಕಡೆಗೂ ಸಿಡಿಲು ಎಸೆಯುತ್ತದೆ. ಗುಡುಗು ಕಿವಿಗೆ ಬಿತ್ತಾ, ನೀವು ಅದರ ಕೈಗೆ ಸಿಗುವ ದೂರದಲ್ಲೇ ಇದ್ದೀರಿ. ನಾನು ಆಗಲೇ ಇಳಿದು ಹೋಗಬೇಕಿತ್ತು.

ಆಮೇಲೆ ತಣ್ಣನೆ ಗಾಳಿ ನುಗ್ಗಿತು. ಮೋಡದೊಳಗಿಂದ ಕೆಳಗೆ ಸುರಿದು ಮಳೆಗಿಂತ ಮುಂಚೆ ಬರುವ ಗಾಳಿ ಅದು. ಏಣಿ ಅಲ್ಲಾಡಿತು, ಇಳಿದೆ. ಇಳಿದವನು ಅಲ್ಲೇ ಸಿಲ್ವರ್ ಓಕ್ ಮರದ ಬುಡದಲ್ಲಿ ಚೀಲದ ಬಾಯಿ ಕಟ್ಟುತ್ತಾ ನಿಂತೆ.

ಕಣ್ಣು ಬಿಟ್ಟಾಗ ನೆಲದ ಮೇಲಿದ್ದೆ, ಮೆಣಸೆಲ್ಲ ಚೆಲ್ಲಿತ್ತು. ಪಕ್ಕದ ಸಿಲ್ವರ್ ಮರದ ತೊಗಟೆ ಮೇಲಿಂದ ಬುಡದವರೆಗೆ ಕೈಯಗಲ ಸೀಳಿ ಜೋತುಬಿದ್ದಿತ್ತು. ಎಡಗಾಲು ಜೋಮು. ಬಲಗಿವಿಯ ತಮಟೆ ಹರಿದಿತ್ತು, ಇವತ್ತಿಗೂ ಗುಂಯ್ ಅನ್ನುತ್ತೆ. ಅಷ್ಟಾಗಿ ಆ ಸಂಜೆ ಬಿದ್ದ ಮಳೆ 12 ಸೆಂಟು!

ಹಾಗಾಗಿ ಹನಿಯ ಮಾತು ಬಿಡಿ. ಮರದ ಕೆಳಗಂತೂ ಬೇಡವೇ ಬೇಡ. ಮರಕ್ಕೆ ಬಿದ್ದ ಸಿಡಿಲು ಪಕ್ಕಕ್ಕೂ ಹಾರುತ್ತದೆ, ನೆಲದಲ್ಲೂ ಹರಡುತ್ತದೆ. ಗೋಡೆ ಇಲ್ಲದ ಶೆಡ್ಡೂ ಸುಮ್ನೆ. ಆಳುಗಳು ಇರುವ ಲೈನ್ ಮನೆಯೊಳಗೆ ಹೋಗಿ, ಇಲ್ಲ ಗಾಜು ಏರಿಸಿದ ಕಾರಿನಲ್ಲಿ ಕೂರಿ. ಟಾರ್ಪಲ್ ಜೀಪು ಲೆಕ್ಕಕ್ಕಿಲ್ಲ. ಕೊನೆಯ ಗುಡುಗಾಗಿ 30 ನಿಮಿಷ ಹೊರಗೆ ಬರಬೇಡಿ. ಪುಣೆಯ ಹವಾಮಾನ ಸಂಸ್ಥೆಯವರ ಸಿಡಿಲಿನ ಮುನ್ನೆಚ್ಚರಿಕೆ ಕೊಡುವ ದಾಮಿನಿ ಆ್ಯಪ್ ಒಳ್ಳೆಯದೇ, ನಮ್ಮ ತೋಟದಲ್ಲಿ ನೆಟ್‌ವರ್ಕ್ ಸಿಕ್ಕರೆ.

ಆಳುಗಳ ಸಂಬಳ ದಂಡ ಅಂತಲೂ ಬರೆದಿದ್ದೀರಿ. ಕೊಟ್ಟುಬಿಡಿ. ಈ ಮೋಡ ಜಾಸ್ತಿ ಏಳುವುದು ಮಧ್ಯಾಹ್ನದ ಮೇಲೆ. ಬೆಳಿಗ್ಗೆ ಏಳಕ್ಕೆ ಕೊಯ್ಲು ಶುರು ಮಾಡಿ, ಎರಡಕ್ಕೆ ಏಣಿ ಮಲಗಿಸಿ.